ಒಂದೇ ನೌಕೆಯಲ್ಲಿ ಸೌರ ಮಾರುತ ಅಳೆಯುವ ಕೆಲಸ

ನಾನು ಬಾಹ್ಯಾಕಾಶ ಭೌತವಿಜ್ಞಾನಿ. ಸೌರ ಮಾರುತ ಗ್ರಹಗಳಿಗೆ ತಾಗಿದಾಗ ಏನಾಗುತ್ತದೆ ಅಂತ ನೋಡುವುದು ನನ್ನ ಕೆಲಸ, ಅದರಲ್ಲೂ ಮಂಗಳ ಗ್ರಹದ ಹತ್ತಿರ. ಊರಿಗೆ ಹೋದಾಗ ಎಲ್ಲರೂ ಮೊದಲು ಕೇಳುವುದು "ರಾಕೆಟ್ ಬಿಡ್ತೀಯೇನಮ್ಮಾ?" ಅಂತ. ಇಲ್ಲ. ರಾಕೆಟ್ ಕಟ್ಟುವವರು ಬೇರೆ, ನೌಕೆ ನಡೆಸುವವರು ಬೇರೆ. ನೌಕೆ ಕಳಿಸಿದ ಅಂಕಿಗಳನ್ನು ಮುಂದಿಟ್ಟುಕೊಂಡು ಅಲ್ಲಿ ನಿಜವಾಗಿ ಏನು ನಡೆಯಿತು ಅಂತ ಹೇಳಬೇಕಾದವರು ನಾವು. ಇತ್ತೀಚೆಗೆ ಎಂಎಸ್ಸಿ ಓದುತ್ತಿರುವ ಕೆಲವು ಮಕ್ಕಳು ಈ ದಾರಿ ಹೇಗೆ, ಯಾವ ಪರೀಕ್ಷೆ ಬರೀಬೇಕು, ದಿನಾ ಕೂತು ಏನು ಮಾಡ್ತೀರಿ ಅಂತೆಲ್ಲಾ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಒಂದೊಂದು ತುಂಡು ಉತ್ತರ ಕೊಡುವ ಬದಲು ಇಲ್ಲಿ ಉದ್ದಕ್ಕೆ ಬರೆಯುತ್ತಿದ್ದೇನೆ.

ಮೊದಲು ಸೌರ ಮಾರುತ ಅಂದರೇನು ಅಂತ ಎರಡು ಮಾತು. ಸೂರ್ಯನ ಹೊರಗಿನ ಪದರ, ಅಂದರೆ ಗ್ರಹಣದ ಹೊತ್ತು ಬೆಳ್ಳಗೆ ಕಾಣುವ ಕರೋನಾ, ಹತ್ತು ಲಕ್ಷ ಡಿಗ್ರಿಗೂ ಜಾಸ್ತಿ ಬಿಸಿ. ಅಷ್ಟು ಬಿಸಿಯಾದ ಅನಿಲ ಸೂರ್ಯನ ಹಿಡಿತದಲ್ಲಿ ನಿಲ್ಲುವುದಿಲ್ಲ, ಎಲ್ಲಾ ದಿಕ್ಕಿಗೂ ಹರಿಯುತ್ತಲೇ ಇರುತ್ತದೆ. ಭೂಮಿಯ ಹತ್ತಿರ ಬರುವಾಗ ಅದರ ವೇಗ ಸೆಕೆಂಡಿಗೆ ಸುಮಾರು 400 ಕಿಲೋಮೀಟರ್. ಕೆಲವು ದಿನ 300, ಕೆಲವು ದಿನ 700-800. ಒಂದು ಘನ ಸೆಂಟಿಮೀಟರಿನಲ್ಲಿ ಸಾಮಾನ್ಯವಾಗಿ ಐದಾರು ಪ್ರೋಟಾನ್ ಇರುತ್ತವೆ, ಅಷ್ಟೇ. ಮಂಗಳನ ಹತ್ತಿರ ಇನ್ನೂ ಕಡಿಮೆ, ಎರಡೋ ಮೂರೋ. ಇಷ್ಟು ತೆಳುವಾದದ್ದು ಒಂದು ಗ್ರಹದ ವಾತಾವರಣವನ್ನೇ ಕೋಟ್ಯಂತರ ವರ್ಷ ಸವೆಸಿದೆ. ಇದು ನನಗೆ ಈಗಲೂ ರೋಮಾಂಚನ ತರುವ ವಿಷಯ.

ನಾನು ತಿಪಟೂರಿನವಳು. ಬಿಎಸ್ಸಿ ಅಲ್ಲೇ, ಪಿಸಿಎಂ. ಎಂಎಸ್ಸಿ ಮೈಸೂರಿನ ಮಾನಸಗಂಗೋತ್ರಿಯಲ್ಲಿ. ನಾನು ಓದುವಾಗ ಘನ ಸ್ಥಿತಿ ಮತ್ತು ನ್ಯೂಕ್ಲಿಯರ್ ಭೌತಶಾಸ್ತ್ರಕ್ಕೆ ಹೋಗುವವರೇ ಜಾಸ್ತಿ, ಪ್ಲಾಸ್ಮಾ (ಸೌರ ಮಾರುತದ ಹಾಗೆ ವಿದ್ಯುದಂಶ ಇರುವ ಕಣಗಳ ಅನಿಲ) ಬಗ್ಗೆ ಮಾತಾಡುವವರು ಸಿಗುತ್ತಿರಲಿಲ್ಲ. 2014ರ ಸೆಪ್ಟೆಂಬರ್ 24ಕ್ಕೆ ಮಂಗಳಯಾನ ಮಂಗಳನ ಕಕ್ಷೆ ಸೇರಿತು. ಎಲ್ಲಾ ಕಡೆ ಅದು ಎಷ್ಟು ಕಡಿಮೆ ಖರ್ಚಿನಲ್ಲಿ ಆಯಿತು ಅನ್ನುವುದೇ ಸುದ್ದಿ. ನಾನು ಅದರಲ್ಲಿದ್ದ ಉಪಕರಣಗಳ ಪಟ್ಟಿ ಓದುತ್ತಾ ಹೋದೆ. ಮೆಂಕಾ ಅಂತ ಒಂದಿತ್ತು, ತಿರುವನಂತಪುರದ ಬಾಹ್ಯಾಕಾಶ ಭೌತಶಾಸ್ತ್ರ ಪ್ರಯೋಗಾಲಯದವರು (ಎಸ್‌ಪಿಎಲ್) ಮಾಡಿದ್ದು. ಮಂಗಳನ ವಾತಾವರಣದ ಅತಿ ಹೊರಗಿನ, ಬಾಹ್ಯಾಕಾಶಕ್ಕೆ ಸೋರಿಹೋಗುವ ಪದರದಲ್ಲಿ ಯಾವ ಅನಿಲ ಎಷ್ಟಿದೆ ಅಂತ ಅಳೆಯುವ ಉಪಕರಣ. ಮಂಗಳಯಾನಕ್ಕಿಂತ ಎರಡು ದಿನ ಮುಂಚೆ ನಾಸಾದ ಮೇವನ್ ನೌಕೆಯೂ ಅಲ್ಲಿಗೆ ತಲುಪಿತ್ತು. ಅದನ್ನು ಕಳಿಸಿದ್ದೇ ಮಂಗಳನ ಗಾಳಿ ಎಲ್ಲಿ ಹೋಯಿತು ಅಂತ ಹುಡುಕಲಿಕ್ಕೆ. ಒಂದು ಗ್ರಹ ತನ್ನ ಗಾಳಿಯನ್ನು ಕಳೆದುಕೊಳ್ಳಬಹುದು ಅನ್ನುವ ವಿಷಯ ಆವತ್ತು ತಲೆಗೆ ಹೊಕ್ಕಿದ್ದು ಮತ್ತೆ ಹೊರಗೆ ಹೋಗಲೇ ಇಲ್ಲ.

ಪರೀಕ್ಷೆಗಳ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಜೆಸ್ಟ್, ಗೇಟ್, ನೆಟ್-ಜೆಆರ್‌ಎಫ್ ಈ ಮೂರರಲ್ಲಿ ಒಂದು ಇದ್ದರೆ ಸಂದರ್ಶನದ ಬಾಗಿಲು ತೆರೆಯುತ್ತದೆ. ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯ (ಪಿಆರ್‌ಎಲ್), ಮುಂಬೈ ಪಕ್ಕದ ಭಾರತೀಯ ಭೂಕಾಂತತ್ವ ಸಂಸ್ಥೆ, ಬೆಂಗಳೂರಿನ ಭಾರತೀಯ ಖಭೌತಶಾಸ್ತ್ರ ಸಂಸ್ಥೆ (ಐಐಎ), ತಿರುವನಂತಪುರದ ಎಸ್‌ಪಿಎಲ್, ಇವೆಲ್ಲಾ ಈ ಕ್ಷೇತ್ರದಲ್ಲಿ ಕೆಲಸ ಮಾಡುವ ಜಾಗಗಳು. ನಾನು 2015ರಲ್ಲಿ ಪಿಆರ್‌ಎಲ್ ಸೇರಿದೆ. ವಿಕ್ರಂ ಸಾರಾಭಾಯಿ 1947ರಲ್ಲಿ ಶುರು ಮಾಡಿದ ಸಂಸ್ಥೆ ಅದು.

ಸಂದರ್ಶನದ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಬರೆಯಬೇಕು, ಯಾಕೆಂದರೆ ಅಲ್ಲಿ ಕೇಳಿದ ಪ್ರಶ್ನೆಯೇ ಮುಂದೆ ನನ್ನ ಥೀಸಿಸ್ ಆಯಿತು. ಯಾವ ವಿಷಯ ಇಷ್ಟ ಅಂದರು. ಎಲೆಕ್ಟ್ರೋಡೈನಮಿಕ್ಸ್ ಅಂದೆ. ಬೋರ್ಡಿನ ಹತ್ತಿರ ಕರೆದರು. ಒಂದು ಕಡೆ ಕಾಂತಕ್ಷೇತ್ರ, ಅದಕ್ಕೆ ಅಡ್ಡಲಾಗಿ ವಿದ್ಯುತ್ ಕ್ಷೇತ್ರ, ನಡುವೆ ಸುಮ್ಮನೆ ನಿಂತಿರುವ ಒಂದು ಅಯಾನು, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣು. ಬಿಟ್ಟರೆ ಹೇಗೆ ಹೋಗುತ್ತದೆ, ಬರೆದು ತೋರಿಸು ಅಂದರು. ಅದು ಬಿಎಸ್ಸಿ ಮಟ್ಟದ ಲೆಕ್ಕ. ಏರಿ ಇಳಿದು, ಏರಿ ಇಳಿದು ಮುಂದೆ ಹೋಗುವ ಕಮಾನುಗಳ ಸಾಲು ಬರುತ್ತದೆ. ಬರೆದೆ. ಆಮೇಲೆ, ಆ ಕಮಾನು ಎಷ್ಟು ದೊಡ್ಡದು ಅಂತ ಲೆಕ್ಕ ಹಾಕು, ಅಯಾನು ಆಮ್ಲಜನಕದ್ದು, ಜಾಗ ಮಂಗಳನ ಪಕ್ಕ ಅಂದರು.

ಆ ಲೆಕ್ಕವನ್ನು ಯಾರು ಬೇಕಾದರೂ ಮಾಡಬಹುದು. ಆಮ್ಲಜನಕದ ಅಯಾನು ಪ್ರೋಟಾನಿಗಿಂತ 16 ಪಟ್ಟು ಭಾರ. ಸೌರ ಮಾರುತದ ವೇಗ ಸೆಕೆಂಡಿಗೆ 400 ಕಿಲೋಮೀಟರ್ ಅಂತಿಟ್ಟುಕೊಳ್ಳಿ. ಮಾರುತ ತನ್ನ ಜೊತೆ ಸೂರ್ಯನ ಕಾಂತಕ್ಷೇತ್ರವನ್ನೂ ಎಳೆದುಕೊಂಡು ಬರುತ್ತದೆ, ಮಂಗಳನ ಹತ್ತಿರ ಅದು ಸುಮಾರು 3 ನ್ಯಾನೋಟೆಸ್ಲಾ. ನಮ್ಮ ಕರ್ನಾಟಕದಲ್ಲಿ ನೆಲದ ಮೇಲೆ ಭೂಮಿಯ ಕಾಂತಕ್ಷೇತ್ರ ಸುಮಾರು 40,000 ನ್ಯಾನೋಟೆಸ್ಲಾ ಇದೆ, ಆಗ ಇದು ಎಷ್ಟು ದುರ್ಬಲ ಅಂತ ಗೊತ್ತಾಗುತ್ತದೆ. ರಾಶಿಯನ್ನು ವೇಗದಿಂದ ಗುಣಿಸಿ, ವಿದ್ಯುದಂಶ ಮತ್ತು ಕಾಂತಕ್ಷೇತ್ರದಿಂದ ಭಾಗಿಸಿದರೆ ಆ ಅಯಾನು ಸುತ್ತುವ ವೃತ್ತದ ತ್ರಿಜ್ಯ ಸುಮಾರು 22,000 ಕಿಲೋಮೀಟರ್ ಬರುತ್ತದೆ. ಮಂಗಳ ಗ್ರಹದ ವ್ಯಾಸವೇ ಸುಮಾರು 6,800 ಕಿಲೋಮೀಟರ್. ಅಂದರೆ ಮಂಗಳನ ಗಾಳಿಯಿಂದ ಕಿತ್ತುಬಂದ ಒಂದು ಆಮ್ಲಜನಕದ ಅಯಾನು ಒಂದು ಸುತ್ತು ಮುಗಿಸುವ ಮೊದಲೇ ಗ್ರಹವನ್ನು ಬಿಟ್ಟು ಎಲ್ಲೋ ದೂರ ಹೋಗಿರುತ್ತದೆ. ಹರಿಯುವ ಮಾರುತದ ಈ ಕಾಂತಕ್ಷೇತ್ರದಿಂದ ಹುಟ್ಟುವ ವಿದ್ಯುತ್ ಕ್ಷೇತ್ರ ಯಾವ ಕಡೆ ತಳ್ಳುತ್ತದೋ ಆ ಕಡೆಯ ಅಯಾನುಗಳು ಗರಿಯ ಹಾಗೆ ಎದ್ದು ಹೊರಗೆ ಹೋಗುತ್ತವೆ. ಎದುರು ಕಡೆ ಹುಟ್ಟಿದವು ವಾಪಸ್ ಗ್ರಹಕ್ಕೇ ಬಂದು ಬೀಳುತ್ತವೆ. ಸೀಮೆಸುಣ್ಣ ಹಿಡಿದು ನಿಂತಲ್ಲೇ ನನಗೆ ಈ ಚಿತ್ರ ಕಂಡಿತು. ಸೀಟು ಸಿಗುತ್ತೋ ಇಲ್ಲವೋ ಅನ್ನುವ ಭಯ ಆ ಹೊತ್ತಿಗೆ ಮರೆತೇ ಹೋಗಿತ್ತು.

ಮೊದಲ ವರ್ಷ ಕೋರ್ಸ್‌ವರ್ಕ್. ಮತ್ತೆ ತರಗತಿ, ಮತ್ತೆ ಪರೀಕ್ಷೆ. ಆಗ ಫೆಲೋಶಿಪ್ ತಿಂಗಳಿಗೆ 25,000 ರೂಪಾಯಿ. ಹಾಸ್ಟೆಲ್ ಇದ್ದುದರಿಂದ ತೊಂದರೆ ಆಗಲಿಲ್ಲ, ಮನೆಗೂ ಸ್ವಲ್ಪ ಕಳಿಸುತ್ತಿದ್ದೆ. 2019ರಲ್ಲಿ ಈ ಫೆಲೋಶಿಪ್ (ಜೆಆರ್‌ಎಫ್) 31,000 ಆಯಿತು, ಈಗ 37,000 ಇದೆ. ಬೆಂಗಳೂರಿನ ಸಾಫ್ಟ್‌ವೇರ್ ಸಂಬಳದ ಜೊತೆ ಇದನ್ನು ಹೋಲಿಸುವವರು ಮನೆಯಲ್ಲಿ ಇದ್ದೇ ಇರುತ್ತಾರೆ. ನನ್ನ ದೊಡ್ಡಪ್ಪ ಪ್ರತಿ ಹಬ್ಬಕ್ಕೂ "ಇನ್ನೂ ಓದು ಮುಗೀಲಿಲ್ವೇನಮ್ಮಾ?" ಅನ್ನುತ್ತಿದ್ದರು. ಅವರಿಗೆ ನನ್ನ ಮೇಲೆ ಕಾಳಜಿ. ಆದರೆ ಆರು ವರ್ಷ ಒಂದೇ ಉತ್ತರ ಹೇಳುವುದು ಕಷ್ಟ, ಹೆಣ್ಣುಮಕ್ಕಳಿಗೆ ಇನ್ನೂ ಕಷ್ಟ. ಪಿಎಚ್‌ಡಿ ಅನ್ನುವುದು ಓದಲ್ಲ, ಕೆಲಸ ಅಂತ ಮನೆಯವರಿಗೆ ಮೊದಲ ದಿನವೇ ಹೇಳಿಬಿಡಿ. ಅಮ್ಮನಿಗೆ ನಾನು ಹಾಗೇ ಹೇಳಿದ್ದೆ. ಬಂದವರಿಗೆಲ್ಲಾ ಅವರೇ "ಅವಳು ಕೆಲಸದಲ್ಲಿದ್ದಾಳೆ" ಅಂತ ಉತ್ತರ ಕೊಟ್ಟುಕೊಂಡು ಬಂದರು.

ಇನ್ನು ನಿಜವಾದ ಕೆಲಸಕ್ಕೆ ಬರುತ್ತೇನೆ.

ನನ್ನ ಗೈಡ್ ಮೊದಲ ದಿನ ಹೇಳಿದ್ದು ಒಂದೇ ಮಾತು. "ಪೇಪರ್ ಬಗ್ಗೆ ಈಗ ಯೋಚನೆ ಬೇಡ. ಉಪಕರಣ ಹೇಗೆ ಅಳೆಯುತ್ತದೆ ಅಂತ ತಿಳಿದುಕೊಂಡು ಬಾ." ಮೇವನ್ ನೌಕೆಯ ಡೇಟಾ ಪ್ರಪಂಚದ ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ದುಡ್ಡು ಕೊಡಬೇಕಾಗಿಲ್ಲ, ಯಾರ ಪರಿಚಯವೂ ಬೇಡ. ನಾನು ಅಹಮದಾಬಾದಿನ ನವರಂಗಪುರದಲ್ಲಿ ಕೂತು ಇಳಿಸಿದೆ. ತಿಪಟೂರಿನಲ್ಲಿ ಕೂತಿದ್ದರೂ ಇಳಿಸಬಹುದಿತ್ತು. ಇದು ಬಹಳ ದೊಡ್ಡ ವಿಷಯ, ಇದಕ್ಕೆ ನಮ್ಮ ಕಾಲೇಜುಗಳಲ್ಲಿ ಸಿಗಬೇಕಾದಷ್ಟು ಪ್ರಚಾರ ಸಿಕ್ಕಿಲ್ಲ.

ಅಯಾನುಗಳನ್ನು ಅಳೆಯುವ ಉಪಕರಣದ ಒಳಗೆ ಬಾಗಿದ ಎರಡು ಲೋಹದ ತಟ್ಟೆಗಳು ಹತ್ತಿರ ಹತ್ತಿರ ಇರುತ್ತವೆ. ನಡುವೆ ವೋಲ್ಟೇಜ್. ಒಳಗೆ ಬಂದ ಅಯಾನು ಆ ಬಾಗಿದ ಓಣಿಯಲ್ಲಿ ತಿರುಗಿ ಹೋಗಬೇಕು. ಶಕ್ತಿ ಜಾಸ್ತಿಯಾದರೆ ಹೊರಗಿನ ತಟ್ಟೆಗೆ ಬಡಿಯುತ್ತದೆ, ಕಡಿಮೆಯಾದರೆ ಒಳಗಿನದಕ್ಕೆ. ಸರಿಯಾದ ಶಕ್ತಿ ಇರುವುದು ಮಾತ್ರ ಕೊನೆ ಮುಟ್ಟಿ ಡಿಟೆಕ್ಟರಿಗೆ ಬೀಳುತ್ತದೆ, ಒಂದು ಎಣಿಕೆ ಆಗುತ್ತದೆ. ವೋಲ್ಟೇಜ್ ಬದಲಿಸುತ್ತಾ ಹೋದರೆ ಬೇರೆ ಬೇರೆ ಶಕ್ತಿಯ ಕಣಗಳು ಎಷ್ಟೆಷ್ಟಿವೆ ಅಂತ ಗೊತ್ತಾಗುತ್ತದೆ. 400 ಕಿಲೋಮೀಟರ್ ವೇಗದ ಪ್ರೋಟಾನಿನ ಶಕ್ತಿ ಸುಮಾರು 840 ಎಲೆಕ್ಟ್ರಾನ್ ವೋಲ್ಟ್ (ಕಣಗಳ ಶಕ್ತಿ ಅಳೆಯುವ ಮಾನ ಅದು). ಗ್ರಾಫಿನಲ್ಲಿ ಅಲ್ಲೊಂದು ಚೂಪಾದ ಶಿಖರ ಬರುತ್ತದೆ. ಅದರ ಬಲಕ್ಕೆ, ಸರಿಯಾಗಿ ಎರಡು ಪಟ್ಟು ಶಕ್ತಿಯ ಜಾಗದಲ್ಲಿ, ಇನ್ನೊಂದು ಚಿಕ್ಕ ಶಿಖರ. ಅದು ಆಲ್ಫಾ ಕಣ, ಅಂದರೆ ಎರಡೂ ಎಲೆಕ್ಟ್ರಾನ್ ಕಳೆದುಕೊಂಡ ಹೀಲಿಯಂ. ಹೆಚ್ಚುಕಮ್ಮಿ ಅದೇ ವೇಗದಲ್ಲಿ ಬರುತ್ತದೆ, ತೂಕ ನಾಲ್ಕು ಪಟ್ಟು, ವಿದ್ಯುದಂಶ ಎರಡು ಪಟ್ಟು, ಹಾಗಾಗಿ ತಟ್ಟೆಗಳಿಗೆ ಅದರ ಶಕ್ತಿ ಎರಡರಷ್ಟು ಅಂತ ಕಾಣುತ್ತದೆ. ಮೊದಲ ಸಲ ನನ್ನದೇ ಕೋಡಿನಿಂದ ಈ ಎರಡು ಶಿಖರ ಪರದೆ ಮೇಲೆ ಬಂದಾಗ ಪಕ್ಕದ ಕೋಣೆಯ ಸೀನಿಯರ್ ಹುಡುಗಿಯನ್ನು ಎಳೆದುಕೊಂಡು ಬಂದು ತೋರಿಸಿದ್ದೆ. ಅವಳು ಅಂಥದ್ದನ್ನು ಸಾವಿರ ಸಲ ನೋಡಿದ್ದವಳು, ಆದರೂ ಕೂತು ಪೂರ್ತಿ ನೋಡಿದಳು.

ಎಣಿಕೆಯಿಂದ ಸಾಂದ್ರತೆ, ವೇಗ, ತಾಪಮಾನ ತೆಗೆಯುವುದು ಲೆಕ್ಕದ ಕೆಲಸ. ಅದು ಕಲಿತರೆ ಬರುತ್ತದೆ. ಬಾರದೇ ಕಾಡುವುದು ಇನ್ನೊಂದಿದೆ.

ಮೇವನ್ ಮೊದಲ ವರ್ಷಗಳಲ್ಲಿ ನಾಲ್ಕೂವರೆ ಗಂಟೆಗೊಮ್ಮೆ ಮಂಗಳನನ್ನು ಸುತ್ತುತ್ತಿತ್ತು. ಒಮ್ಮೆ ಸುಮಾರು 6,000 ಕಿಲೋಮೀಟರ್ ಎತ್ತರಕ್ಕೆ ಹೋಗಿ, ಸುಮಾರು 150 ಕಿಲೋಮೀಟರಿಗೆ ಇಳಿದು, ಮತ್ತೆ ಮೇಲೆ. ಮೇಲಿದ್ದಾಗ ಶುದ್ಧ ಸೌರ ಮಾರುತದಲ್ಲಿ ಇರುತ್ತದೆ, ಅದೂ ಕಕ್ಷೆಯ ಕೋನ ಸರಿಯಾಗಿದ್ದ ತಿಂಗಳುಗಳಲ್ಲಿ ಮಾತ್ರ. ಕೆಳಗೆ ಬರುತ್ತಾ ಬೋ ಶಾಕ್ ಅನ್ನುವ ಗಡಿ ದಾಟುತ್ತದೆ. ಸೌರ ಮಾರುತ ಗ್ರಹಕ್ಕೆ ಎದುರಾಗಿ ಇದ್ದಕ್ಕಿದ್ದಂತೆ ನಿಧಾನವಾಗಿ ಬಿಸಿಯಾಗುವ ಜಾಗ ಅದು. ಅದರ ಒಳಗೆ ಹೋದಮೇಲೆ ಹೊರಗೆ ಸೌರ ಮಾರುತ ಏನಾಗಿದೆ ಅಂತ ನೌಕೆಗೆ ಗೊತ್ತಿಲ್ಲ. ಒಳಗೆ ಆಮ್ಲಜನಕ ಜಾಸ್ತಿ ಸೋರುವುದು ಕಂಡಿತು ಅಂತಿಟ್ಟುಕೊಳ್ಳಿ. ನೌಕೆ ಬೇರೆ ಜಾಗಕ್ಕೆ ಬಂದದ್ದಕ್ಕೆ ಹಾಗೆ ಕಂಡಿತೋ, ಹೊರಗೆ ಮಾರುತದ ಜೋರು ಬದಲಾದದ್ದಕ್ಕೋ? ಅರಸೀಕೆರೆಯಿಂದ ಬೆಂಗಳೂರಿಗೆ ಬರುವ ರೈಲಿನಲ್ಲಿ ಕಿಟಕಿ ಪಕ್ಕ ಕೂತು ಮಳೆ ನೋಡುತ್ತಿದ್ದೀರಿ, ಮಳೆ ನಿಂತಿತು. ಮಳೆಯೇ ನಿಂತಿತೋ, ರೈಲು ಮಳೆಯಿಲ್ಲದ ಕಡೆಗೆ ಬಂತೋ? ಒಂದೇ ಕಿಟಕಿಯಿಂದ ಹೇಳಲಿಕ್ಕೆ ಆಗುವುದಿಲ್ಲ. ಸಾಲದ್ದಕ್ಕೆ ಮಂಗಳನ ದಕ್ಷಿಣ ಭಾಗದ ಕಲ್ಲುಗಳಲ್ಲಿ ಹಳೆಯ ಕಾಂತಕ್ಷೇತ್ರ ಅಲ್ಲಲ್ಲಿ ಉಳಿದುಕೊಂಡಿದೆ, ಗ್ರಹ ತಿರುಗಿದಂತೆ ಅದೂ ತಿರುಗುತ್ತದೆ. ಹೀಗೆ ಮೂರು ವಿಷಯ ಒಟ್ಟಿಗೆ ಬದಲಾಗುತ್ತಿರುತ್ತವೆ, ಅಳೆಯಲಿಕ್ಕೆ ಇರುವುದು ಒಂದೇ ನೌಕೆ.

ನನ್ನ ವೃತ್ತಿಯೆಲ್ಲಾ ಈ ಒಂದು ಪ್ರಶ್ನೆಯ ಸುತ್ತಲೇ ಇದೆ ಅಂದರೆ ತಪ್ಪಾಗಲಾರದು. ಕಂಡದ್ದು ಜಾಗದ್ದೋ, ಕಾಲದ್ದೋ?

ಮೊದಲ ಪೇಪರಿನಲ್ಲಿ, ಸೌರ ಮಾರುತದ ಒತ್ತಡ ಹೆಚ್ಚಿದಾಗ ಆಮ್ಲಜನಕದ ಗರಿ ಹೇಗೆ ಬದಲಾಗುತ್ತದೆ ಅಂತ ಬರೆದಿದ್ದೆ. ಎಲ್ಲರೂ ಮಾಡುವ ಹಾಗೆ, ನೌಕೆ ಒಳಗೆ ಹೋಗುವ ಮುಂಚೆ ಮತ್ತು ಹೊರಗೆ ಬಂದಮೇಲೆ ಅಳೆದ ಮಾರುತ ಒಂದೇ ಥರ ಇದ್ದರೆ ನಡುವೆಯೂ ಹಾಗೇ ಇತ್ತು ಅಂತ ಹಿಡಿದಿದ್ದೆ. ಪೇಪರನ್ನು ಪ್ರಕಟಿಸುವ ಮುಂಚೆ ಹೆಸರು ಹೇಳದೆ ಪರಿಶೀಲಿಸುವ ರೆಫರಿ ಒಂದೇ ಸಾಲು ಬರೆದರು. ನಡುವಿನ ಗಂಟೆಗಳಲ್ಲಿ ಬದಲಾಗಿರಲಿಲ್ಲ ಅನ್ನುವುದಕ್ಕೆ ಏನು ಸಾಕ್ಷಿ? ಆ ಸಾಲನ್ನು ಓದಿ ವಾರಗಟ್ಟಲೆ ತಲೆ ಕೆಟ್ಟಿತ್ತು. ಆದರೆ ಈ ವೃತ್ತಿಯಲ್ಲಿ ನನಗೆ ಸಿಕ್ಕ ಅತ್ಯುತ್ತಮ ಪ್ರಶ್ನೆ ಅದೇ. ಕೇಳಿದವರು ಯಾರು ಅಂತ ಇವತ್ತಿಗೂ ಗೊತ್ತಿಲ್ಲ, ಗೊತ್ತಾದರೆ ಕೈ ಮುಗಿಯುತ್ತೇನೆ.

ಉತ್ತರ ಸಿಕ್ಕಿದ್ದು ಮೇವನ್ ತಂಡದವರು ಮೊದಲೇ ಕಂಡುಹಿಡಿದಿದ್ದ ಒಂದು ಸೋಜಿಗದಿಂದ. ಮಂಗಳನ ಸುತ್ತ ಬಹಳ ದೂರದವರೆಗೆ ತೆಳುವಾದ ಜಲಜನಕದ ಮೋಡ ಇದೆ, ಬೋ ಶಾಕ್ ಆಚೆಗೂ ಇದೆ. ಸೌರ ಮಾರುತದ ಕೆಲವು ಪ್ರೋಟಾನ್‌ಗಳು ಈ ಮೋಡದಲ್ಲಿ ಬರುವಾಗ ಒಂದು ಎಲೆಕ್ಟ್ರಾನ್ ಕಿತ್ತುಕೊಂಡು ತಟಸ್ಥ ಜಲಜನಕದ ಪರಮಾಣುಗಳಾಗುತ್ತವೆ. ತಟಸ್ಥವಾದ ಮೇಲೆ ಕಾಂತಕ್ಷೇತ್ರ ಅವನ್ನು ತಡೆಯುವುದಿಲ್ಲ. ಬೋ ಶಾಕ್ ದಾಟಿ, ಎಲ್ಲಾ ಗಡಿಗಳನ್ನೂ ದಾಟಿ, ಅದೇ ವೇಗದಲ್ಲಿ ನೆಟ್ಟಗೆ ವಾತಾವರಣದ ಒಳಗೆ ಬರುತ್ತವೆ. ಅಲ್ಲಿ ಅನಿಲಕ್ಕೆ ಡಿಕ್ಕಿ ಹೊಡೆದು ಕೆಲವು ಮತ್ತೆ ಪ್ರೋಟಾನ್ ಆಗುತ್ತವೆ. ಆದ್ದರಿಂದ ನೌಕೆ 150-200 ಕಿಲೋಮೀಟರ್ ಎತ್ತರದಲ್ಲಿ, ಸೌರ ಮಾರುತ ಇರಲೇಬಾರದ ಜಾಗದಲ್ಲಿ, ಅದೇ 840 ಎಲೆಕ್ಟ್ರಾನ್ ವೋಲ್ಟಿನ ಹತ್ತಿರ ಒಂದು ಸಣ್ಣ ಶಿಖರ ನೋಡುತ್ತದೆ. ಹೊರಗಿನ ಮಾರುತದ ವೇಗ ಈಗ ಎಷ್ಟು ಅಂತ ಒಳಗೇ ಕೂತು ತಿಳಿಯಬಹುದು! ನಾನು ಪ್ರತಿ ಸುತ್ತಿನಲ್ಲೂ ಆ ಶಿಖರ ಹುಡುಕಿದೆ, ಮಾರುತ ಬದಲಾದ ಸುತ್ತುಗಳನ್ನೆಲ್ಲಾ ತೆಗೆದುಹಾಕಿದೆ. ಉಳಿದ ಡೇಟಾ ಕಡಿಮೆ ಆಯಿತು, ಆದರೆ ಉಳಿದದ್ದರ ಮೇಲೆ ನಂಬಿಕೆ ಬಂತು.

ಆ ದಿನಗಳಲ್ಲಿ ಗೈಡ್ ಪಾರ್ಕರ್ ಅವರ ವಿಷಯ ಹೇಳಿದರು. ಸೌರ ಮಾರುತ ಇದೆ ಅಂತ ಲೆಕ್ಕದಿಂದ ತೋರಿಸಿದ ಯೂಜೀನ್ ಪಾರ್ಕರ್ ಅವರ 1958ರ ಪೇಪರನ್ನು ರೆಫರಿಗಳು ಬೇಡ ಅಂದಿದ್ದರು. ಆ ಪತ್ರಿಕೆಯ ಸಂಪಾದಕರು ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್. ಅವರಿಗೂ ಆ ವಿಚಾರ ಒಪ್ಪಿಗೆಯಾಗಿರಲಿಲ್ಲ. ಆದರೆ ಲೆಕ್ಕದಲ್ಲಿ ಯಾರೂ ತಪ್ಪು ತೋರಿಸಿರಲಿಲ್ಲವಾದ್ದರಿಂದ ಪ್ರಕಟಿಸಿದರು. 1962ರಲ್ಲಿ ಶುಕ್ರನ ಕಡೆ ಹೊರಟ ಮ್ಯಾರಿನರ್ 2 ನೌಕೆ ದಾರಿಯುದ್ದಕ್ಕೂ ಸೌರ ಮಾರುತವನ್ನು ಅಳೆಯಿತು. 2018ರ ಆಗಸ್ಟ್‌ನಲ್ಲಿ ಪಾರ್ಕರ್ ಅವರ ಹೆಸರಿನದೇ ನೌಕೆ ಹಾರಿದಾಗ ಅವರು ಎದುರಿಗೇ ಇದ್ದರು. ನಾವು ಲ್ಯಾಬಿನಲ್ಲಿ ಎಲ್ಲರೂ ಒಟ್ಟಿಗೆ ಕೂತು ಅದನ್ನು ನೋಡಿದೆವು.

ಥೀಸಿಸ್ ಬರೆದದ್ದು, ಕೊಟ್ಟದ್ದು, ವೈವಾ ಆದದ್ದು ಎಲ್ಲರದೂ ಒಂದೇ ಥರ, ಬಿಡಿ. ನಡುವೆ ಕೋವಿಡ್ ಬಂತು, ವೈವಾ ಕಂಪ್ಯೂಟರ್ ಮುಂದೆಯೇ ಆಯಿತು. ಪೋಸ್ಟ್ ಡಾಕ್ ಅರ್ಜಿಗಳು ಮಾತ್ರ ಸಾಕು ಸಾಕು ಮಾಡಿದವು. ಎಷ್ಟೋ ಕಡೆಯಿಂದ ಉತ್ತರವೇ ಬರಲಿಲ್ಲ. ಒಂದು ಕಡೆ ಆಯ್ಕೆ ಆಗಿ, ಅನುದಾನ ಬರಲಿಲ್ಲ ಅಂತ ಕೊನೆಗೆ ಕೈ ಬಿಟ್ಟರು. ಇದನ್ನು ಯಾಕೆ ಹೇಳುತ್ತೇನೆಂದರೆ, ಈ ದಾರಿಗೆ ಬರುವವರು ಎರಡು ವರ್ಷ, ಮೂರು ವರ್ಷದ ಕೆಲಸಗಳ ನಡುವೆ ಬದುಕಲಿಕ್ಕೆ ತಯಾರಿರಬೇಕು. ಕಾಯಂ ಹುದ್ದೆಗಳು ನಿಜವಾಗಲೂ ಕಡಿಮೆ. ನನ್ನ ಜೊತೆಯವರಲ್ಲಿ ಕೆಲವರು ಡೇಟಾ ಸೈನ್ಸ್ ಕಡೆ ಹೋದರು, ಚೆನ್ನಾಗಿದ್ದಾರೆ. ಗದ್ದಲದ ನಡುವೆ ನಿಜವಾದ ಸಂಕೇತ ಹುಡುಕುವುದನ್ನು ಕಲಿತವರಿಗೆ ಹೊರಗೆ ಕೆಲಸ ಸಿಗುತ್ತದೆ.

2021ರ ಕೊನೆಗೆ ಸ್ವೀಡನ್ನಿನ ಕಿರುನಾಕ್ಕೆ ಹೋದೆ. ಆರ್ಕ್ಟಿಕ್ ವೃತ್ತದ ಮೇಲಿರುವ ಊರು, ಕಬ್ಬಿಣದ ಅದಿರಿನ ಗಣಿ ಅಲ್ಲಿ ಪ್ರಸಿದ್ಧ. ಅಲ್ಲಿನ ಬಾಹ್ಯಾಕಾಶ ಭೌತಶಾಸ್ತ್ರ ಸಂಸ್ಥೆಗೂ ನಮಗೂ ಹಳೆಯ ನಂಟಿದೆ. 2008ರ ಚಂದ್ರಯಾನ-1ರಲ್ಲಿ ಇದ್ದ ಸಾರಾ ಉಪಕರಣವನ್ನು ಅವರೂ ನಮ್ಮ ಎಸ್‌ಪಿಎಲ್‌ನವರೂ ಸೇರಿ ಮಾಡಿದ್ದು. ಚಂದ್ರನಿಗೆ ಬಡಿದ ಸೌರ ಮಾರುತವನ್ನೆಲ್ಲಾ ಅಲ್ಲಿನ ದೂಳು ಹೀರಿಕೊಳ್ಳುತ್ತದೆ ಅಂತ ಅಲ್ಲಿಯವರೆಗೆ ಅಂದುಕೊಂಡಿದ್ದರು. ಶೇಕಡಾ 20ರವರೆಗೆ ಪ್ರೋಟಾನ್‌ಗಳು ತಟಸ್ಥ ಜಲಜನಕವಾಗಿ ವಾಪಸ್ ಚಿಮ್ಮುತ್ತವೆ ಅಂತ ಸಾರಾ ತೋರಿಸಿತು. ಚಂದ್ರಯಾನ-1 ಅಂದರೆ ಎಲ್ಲರೂ ನೀರು ಅನ್ನುತ್ತಾರೆ, ಸರಿ. ಆದರೆ ಸಾರಾದ ಈ ಫಲಿತಾಂಶವೂ ಅಷ್ಟೇ ಹೆಮ್ಮೆಯದು ಅಂತ ನನ್ನ ಅಭಿಪ್ರಾಯ.

ಕಿರುನಾದಲ್ಲಿ ನನ್ನ ಕೆಲಸ ಮೇವನ್ ಮತ್ತು ಯುರೋಪಿನ ಮಾರ್ಸ್ ಎಕ್ಸ್‌ಪ್ರೆಸ್, ಈ ಎರಡು ನೌಕೆಗಳ ಡೇಟಾ ಜೋಡಿಸುವುದು. ಮಾರ್ಸ್ ಎಕ್ಸ್‌ಪ್ರೆಸ್ 2003ರ ಕೊನೆಯಿಂದ ಮಂಗಳನನ್ನು ಸುತ್ತುತ್ತಿದೆ, ಅದರ ಅಯಾನು ಉಪಕರಣವನ್ನು ಕಿರುನಾದವರೇ ಮಾಡಿದ್ದು. ಒಂದು ನೌಕೆ ಹೊರಗೆ ಸೌರ ಮಾರುತದಲ್ಲಿದ್ದು ಇನ್ನೊಂದು ಒಳಗಿದ್ದರೆ ನನ್ನ ಹಳೆಯ ಪ್ರಶ್ನೆಗೆ ನೇರ ಉತ್ತರ ಸಿಗುತ್ತದೆ ಅಲ್ವಾ? ಆದರೆ ಅಂಥ ಹೊತ್ತುಗಳು ಕಡಿಮೆ. ಮಾರ್ಸ್ ಎಕ್ಸ್‌ಪ್ರೆಸ್‌ನಲ್ಲಿ ಕಾಂತಕ್ಷೇತ್ರ ಅಳೆಯುವ ಉಪಕರಣವೇ ಇಲ್ಲ. ಅದು ಹೊರಗಿದ್ದಾಗ ವೇಗ, ಸಾಂದ್ರತೆ ಸಿಗುತ್ತದೆ, ಕಾಂತಕ್ಷೇತ್ರದ ದಿಕ್ಕು ಸಿಗುವುದಿಲ್ಲ. ದಿಕ್ಕು ಗೊತ್ತಿಲ್ಲದಿದ್ದರೆ ಆಮ್ಲಜನಕದ ಗರಿ ಯಾವ ಕಡೆ ಏಳುತ್ತದೆ ಅಂತ ಹೇಳಲಿಕ್ಕಾಗುವುದಿಲ್ಲ. ಸಿಕ್ಕ ಒಂದೊಂದು ಗಂಟೆಯನ್ನೂ ಜೋಪಾನವಾಗಿ ಕೂಡಿಟ್ಟುಕೊಂಡು ಕೆಲಸ ಮಾಡಿದೆವು.

ಅರೋರಾ ಬಗ್ಗೆ ಎಲ್ಲರೂ ಕೇಳುತ್ತಾರೆ. ನೋಡಿದೆ, ಬಹಳ ಸಲ. ಹಸಿರು ಪರದೆ ತಲೆಯ ಮೇಲೆ ಅಲುಗಾಡುವಾಗ ಮೈನಸ್ ಇಪ್ಪತ್ತು ಡಿಗ್ರಿಯಲ್ಲೂ ಒಳಗೆ ಹೋಗಬೇಕು ಅನ್ನಿಸುವುದಿಲ್ಲ. ಒಂದು ಮಾತು ಸೇರಿಸುತ್ತೇನೆ. ಸೌರ ಮಾರುತದ ಕಣಗಳು ನೇರವಾಗಿ ಬಂದು ಬಡಿದು ಆ ಬೆಳಕು ಬರುತ್ತದೆ ಅಂತ ಎಷ್ಟೋ ಕಡೆ ಬರೆಯುತ್ತಾರೆ. ಹಾಗಲ್ಲ. ಮಾರುತದ ಶಕ್ತಿ ಮೊದಲು ಭೂಮಿಯ ಕಾಂತಗೋಳದಲ್ಲಿ (ಭೂಮಿಯ ಸುತ್ತ ಅದರ ಕಾಂತಕ್ಷೇತ್ರದ ಹಿಡಿತದಲ್ಲಿರುವ ಜಾಗ), ಮುಖ್ಯವಾಗಿ ಅದರ ಬಾಲದಲ್ಲಿ ಶೇಖರವಾಗುತ್ತದೆ. ಅಲ್ಲಿಂದ ವೇಗ ಪಡೆದ ಎಲೆಕ್ಟ್ರಾನ್‌ಗಳು ಕೆಳಗೆ ಬಂದು ಗಾಳಿಯನ್ನು ಹೊಳೆಯಿಸುತ್ತವೆ. ಮಂಗಳನಿಗೆ ಅಂಥ ಕಾಂತಗೋಳ ಇಲ್ಲ. ಹಾಗಾಗಿ ದೊಡ್ಡ ಸೌರ ಬಿರುಗಾಳಿ ಬಂದಾಗ ಅಲ್ಲಿ ಧ್ರುವ ಮಾತ್ರ ಅಲ್ಲ, ಇಡೀ ಗ್ರಹದ ರಾತ್ರಿ ಭಾಗ ಮಸುಕಾಗಿ ಹೊಳೆಯಬಹುದು.

2022ರ ಡಿಸೆಂಬರ್ 26ರ ಘಟನೆ ನಮ್ಮ ಕ್ಷೇತ್ರದವರು ಯಾರೂ ಮರೆಯುವುದಿಲ್ಲ. ಕಿರುನಾದಲ್ಲಿ ಸೂರ್ಯ ಹುಟ್ಟದ ವಾರಗಳು ಅವು. ಡೇಟಾ ನಮ್ಮ ಕೈಗೆ ಬಂದದ್ದು ಆಮೇಲೆ. ಗ್ರಾಫ್ ತೆರೆದರೆ ಆ ದಿನ ಸೌರ ಮಾರುತವೇ ಇಲ್ಲವೇನೋ ಅನ್ನುವ ಹಾಗೆ ಕಾಣುತ್ತದೆ. ಸಾಂದ್ರತೆ ನೂರನೇ ಒಂದು ಪಾಲಿಗೆ ಇಳಿದಿತ್ತು. ವೇಗದ ಮಾರುತವೊಂದು ಮುಂದಿದ್ದ ನಿಧಾನದ ಮಾರುತವನ್ನು ಗುಡಿಸಿಕೊಂಡು ಹೋಗಿ, ಹಿಂದೆ ಹೆಚ್ಚುಕಮ್ಮಿ ಖಾಲಿ ಜಾಗ ಬಿಟ್ಟಿತ್ತು. ಒತ್ತುತ್ತಿದ್ದದ್ದು ಹೋದ ತಕ್ಷಣ ಸೌರ ಮಾರುತವೇ ಮಂಗಳನ ಸುತ್ತ ಹುಟ್ಟಿಸುವ ಕಾಂತಗೋಳ ಮತ್ತು ಅಯಾನುಗೋಳ (ವಾತಾವರಣದ ಮೇಲಿನ ಅಯಾನುಗಳ ಪದರ) ಸಾವಿರಾರು ಕಿಲೋಮೀಟರ್ ಹೊರಗೆ ಉಬ್ಬಿ, ಮೂರು ಪಟ್ಟಿಗೂ ಹೆಚ್ಚು ಬೆಳೆದವು. ನಮಗೆ ಪ್ರಯೋಗ ಮಾಡುವ ಭಾಗ್ಯ ಇಲ್ಲ. ಸೂರ್ಯನನ್ನು ಆರಿಸಿ ನೋಡೋಣ ಅಂದರೆ ಆಗುವುದಿಲ್ಲ. ಆವತ್ತು ಮಾತ್ರ ಪ್ರಕೃತಿಯೇ ಆ ಪ್ರಯೋಗ ಮಾಡಿ ತೋರಿಸಿತು. ಭೂಮಿಯಲ್ಲೂ 1999ರ ಮೇ 11ಕ್ಕೆ ಹೀಗೇ ಆಗಿತ್ತು, ಭೂಮಿಯ ಕಾಂತಗೋಳ ಐದಾರು ಪಟ್ಟು ಉಬ್ಬಿತ್ತು. ಅದರ ಬಗ್ಗೆ ಪಿಆರ್‌ಎಲ್‌ನವರು ಮಾಡಿದ ಕೆಲಸವನ್ನು ನಾನು ವಿದ್ಯಾರ್ಥಿಯಾಗಿದ್ದಾಗ ಓದಿದ್ದೆ. ಈಗ ಅದನ್ನು ಮತ್ತೆ ತೆಗೆದು, ಪಕ್ಕದಲ್ಲಿ ಮಂಗಳನ ಗ್ರಾಫ್ ಇಟ್ಟುಕೊಂಡು ಸಾಲು ಸಾಲಾಗಿ ಓದಿದೆ.

2024ರ ಆರಂಭದಲ್ಲಿ ಭಾರತಕ್ಕೆ ವಾಪಸ್ ಬಂದೆ. ಹೊತ್ತು ಸರಿಯಾಗಿತ್ತು. 2023ರ ಸೆಪ್ಟೆಂಬರ್ 2ಕ್ಕೆ ಹಾರಿದ ಇಸ್ರೋದ ಸೂರ್ಯ ನೌಕೆ ಆದಿತ್ಯ-ಎಲ್1 ಆ ಜನವರಿ 6ಕ್ಕೆ ಎಲ್1 ಅನ್ನುವ ತನ್ನ ಜಾಗ ಸೇರಿತ್ತು. ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿಲೋಮೀಟರ್. ಅದರಲ್ಲಿರುವ ಏಳು ಉಪಕರಣಗಳಲ್ಲಿ ಆಸ್ಪೆಕ್ಸ್ ಪಿಆರ್‌ಎಲ್‌ನದು, ಪಾಪಾ ಎಸ್‌ಪಿಎಲ್‌ನದು. ಎರಡೂ ಸೌರ ಮಾರುತದ ಕಣ ಎಣಿಸುತ್ತವೆ. ಕಾಂತಕ್ಷೇತ್ರ ಅಳೆಯುವುದು ಬೆಂಗಳೂರಿನಲ್ಲಿ ತಯಾರಾದದ್ದು. ಇಷ್ಟು ವರ್ಷ ಬೇರೆಯವರ ನೌಕೆಯ ಡೇಟಾ ನೋಡಿದವಳಿಗೆ, ನನಗೆ ಪಾಠ ಹೇಳಿದವರ ಕೈಯಲ್ಲೇ ಆದ ಉಪಕರಣದಿಂದ ಅದೇ ಎರಡು ಶಿಖರಗಳು ಬರುವುದನ್ನು ನೋಡಿ ಗಂಟಲು ಕಟ್ಟಿತು.

ಆ ವರ್ಷದ ಮೇ 10-11ರ ಸೌರ ಬಿರುಗಾಳಿ ನಿಮಗೂ ನೆನಪಿರಬಹುದು, ಲಡಾಖ್‌ನ ಹಾನ್ಲೆಯಿಂದಲೂ ಕೆಂಪು ಅರೋರಾ ಕ್ಯಾಮೆರಾಗಳಿಗೆ ಸಿಕ್ಕಿತ್ತು. ಆದಿತ್ಯ ಅದನ್ನು ಎಲ್1ನಲ್ಲೇ ಅಳೆಯಿತು. ಭೂಮಿಗೆ ಆ ಬಿರುಗಾಳಿ ಕಳಿಸಿದ ಸೂರ್ಯಕಲೆಗಳ (ಸೂರ್ಯನ ಮೇಲಿನ ಕಪ್ಪು ಚುಕ್ಕೆಗಳ) ಗುಂಪು ಸೂರ್ಯನ ಜೊತೆ ತಿರುಗುತ್ತಾ ಕೆಲವು ದಿನಗಳಲ್ಲಿ ಮಂಗಳನ ಕಡೆ ಮುಖ ಮಾಡಿತು. ಮೇ 20ಕ್ಕೆ ಅಲ್ಲಿಂದ ಬಹಳ ದೊಡ್ಡ ಜ್ವಾಲೆ ಎದ್ದಿತು, ಅತಿ ಬಲವಾದ ಎಕ್ಸ್ ವರ್ಗದ್ದು, ಎಕ್ಸ್12. ಮಂಗಳನ ನೆಲದ ಮೇಲಿರುವ ನಾಸಾದ ಕ್ಯೂರಿಯಾಸಿಟಿ ರೋವರ್ ತಾನು ಇಳಿದಾಗಿನಿಂದ ಕಂಡ ಅತಿ ದೊಡ್ಡ ವಿಕಿರಣದ ಏರಿಕೆಯನ್ನು ದಾಖಲಿಸಿತು. ಒಂದೇ ಸೂರ್ಯಕಲೆಯ ಗುಂಪು, ಒಂದೇ ತಿಂಗಳು, ಸ್ವಂತ ಕಾಂತಗೋಳ ಇರುವ ಗ್ರಹ ಒಂದು, ಇಲ್ಲದ ಗ್ರಹ ಒಂದು. ಈಗ ನಾನು ಮಾಡುತ್ತಿರುವ ಕೆಲಸ ಇದೇ, ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವುದು.

ಮುಂದೆ ಏನಿದೆ ಅಂತಲೂ ಕೇಳುತ್ತಾರೆ. ಬಹಳ ಇದೆ. 2025ರ ನವೆಂಬರ್ 13ಕ್ಕೆ ಎಸ್ಕಪೇಡ್ ಅನ್ನುವ ಜೋಡಿ ನೌಕೆಗಳು ಹಾರಿವೆ, 2027ರಲ್ಲಿ ಮಂಗಳ ತಲುಪಬೇಕು. ಎರಡರಲ್ಲೂ ಒಂದೇ ಥರದ ಉಪಕರಣ, ಕಾಂತಕ್ಷೇತ್ರ ಅಳೆಯುವುದೂ ಇದೆ. ಜಾಗದ್ದೋ ಕಾಲದ್ದೋ ಅನ್ನುವ ಪ್ರಶ್ನೆಗಾಗಿಯೇ ಅವುಗಳನ್ನು ಜೋಡಿಯಾಗಿ ಕಳಿಸಿರುವುದು. ಇಸ್ರೋದ ಶುಕ್ರಯಾನಕ್ಕೆ 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದೆ, 2028ರ ಮಾರ್ಚ್‌ನಲ್ಲಿ ಹಾರಿಸುವ ಯೋಜನೆ. ಶುಕ್ರನಿಗೂ ಸ್ವಂತ ಕಾಂತಕ್ಷೇತ್ರ ಇಲ್ಲ, ಸೂರ್ಯನಿಗೆ ಇನ್ನೂ ಹತ್ತಿರ, ಆದರೂ ದಪ್ಪ ವಾತಾವರಣ ಉಳಿಸಿಕೊಂಡಿದೆ. ಯಾಕೆ ಅಂತ ಕೂತು ಯೋಚಿಸಿ. ಕಾಂತಗೋಳ ಗ್ರಹವನ್ನು ಕಾಪಾಡುತ್ತದೆ ಅನ್ನುವ ನಮ್ಮ ಸುಲಭದ ಉತ್ತರ ಅಲ್ಲಿ ನಿಲ್ಲುವುದಿಲ್ಲ.

ಈಗ ಓದುತ್ತಿರುವವರು ಶುರು ಮಾಡಲಿಕ್ಕೆ ಯಾರ ಅಪ್ಪಣೆಯೂ ಬೇಡ. 2025ರ ಜನವರಿಯಿಂದ ಆದಿತ್ಯ-ಎಲ್1ರ ಡೇಟಾ ಇಸ್ರೋದ ಪ್ರದಾನ್ ಪೋರ್ಟಲಿನಲ್ಲಿ ಎಲ್ಲರಿಗೂ ಸಿಗುತ್ತಿದೆ, ಖಾತೆ ತೆರೆದರೆ ಸಾಕು. ಪೈಥಾನ್ ಸ್ವಲ್ಪ ಕಲಿಯಿರಿ. ಆಸ್ಪೆಕ್ಸ್‌ನ ಒಂದು ಸಾಧಾರಣ ದಿನದ ಫೈಲ್ ತೆಗೆಯಿರಿ, ಬಿರುಗಾಳಿಯ ದಿನ ಬೇಡ. ಶಕ್ತಿಯ ಗ್ರಾಫ್ ಬರೆದು ಪ್ರೋಟಾನಿನ ಶಿಖರ ಎಲ್ಲಿದೆ ನೋಡಿ, ಅದರಿಂದ ವೇಗ ಲೆಕ್ಕ ಹಾಕಿ, ಆಲ್ಫಾ ಶಿಖರ ಎರಡು ಪಟ್ಟಿನಲ್ಲಿ ಇದೆಯಾ ಪರೀಕ್ಷಿಸಿ. ಆಮೇಲೆ ಮುಂದಿನ 27 ದಿನಗಳ ವೇಗವನ್ನು ಸಾಲಾಗಿ ಹಾಕಿ. ಭೂಮಿಯಿಂದ ನೋಡಿದರೆ ಸೂರ್ಯ ಒಂದು ಸುತ್ತು ತಿರುಗುವ ಸಮಯ ಅದು. ಮೊದಲ ದಿನಗಳಲ್ಲಿ ಕಂಡ ವೇಗದ ಮಾರುತ ಕೊನೆಯಲ್ಲಿ ಮತ್ತೆ ಬಂತಾ, ಬರಲಿಲ್ಲವಾ, ಬರದಿದ್ದರೆ ಯಾಕೆ ಅಂತ ಬರೆದಿಟ್ಟುಕೊಳ್ಳಿ. ಸಂದರ್ಶನಕ್ಕೆ ಹೋಗುವಾಗ ಆ ಗ್ರಾಫನ್ನು ಜೊತೆಗೆ ತೆಗೆದುಕೊಂಡು ಹೋಗಿ.